ಚಿನ್ನಪ್ಪನವರಿಗೆ ನಾನು ಮಾಡಿಸಿದ ಪೆಟ್ಟಿಗೆ

ಸಾವಿನ ಮನೆಯ ಕೆಲಸದಲ್ಲಿ ನಮ್ಮ ರಾಜಾಜಿನಗರದಲ್ಲೇ ನನ್ನಂಥ ಅನುಭವಸ್ಥ ಇನ್ನೊಬ್ಬನಿಲ್ಲವೆಂದು ನಾನು ನಂಬಿದ್ದ ಕಾಲ. ಐವತ್ತರ ದಶಕ, ಬಡಾವಣೆಯಲ್ಲಿ ಅರ್ಧ ಮನೆ, ಅರ್ಧ ರಾಗಿ ಹೊಲ. ನಮ್ಮದು ಲಿಂಗವಂತರ ದೊಡ್ಡ ಕುಟುಂಬ. ಎಷ್ಟೋ ಹಿರಿಯರನ್ನು ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ ಹೊತ್ತಿದ್ದೇನೆ. ಗುಣಿಯೊಳಗೂ ನಮ್ಮವರು ಪದ್ಮಾಸನ ಹಾಕಿ ಕೂತೇ ಮಣ್ಣಾಗುತ್ತಾರೆ.

ಹೀಗಿರುವಾಗ ಪಕ್ಕದ ಮನೆಯ ಚಿನ್ನಪ್ಪನವರು ಒಂದು ಬೆಳಿಗ್ಗೆ ತೀರಿಕೊಂಡರು. ಕ್ರೈಸ್ತರು, ಕಾರ್ಖಾನೆಯಲ್ಲಿ ಕೆಲಸ, ಆರಡಿ ಆಳು. ಅವರ ಹೆಂಡತಿ ಮರಿಯಮ್ಮ ಮಂಚದ ಕೆಳಗೆ ಕೈ ತೋರಿಸಿದರು. "ಅಣ್ಣಾ, ಅಲ್ಲಿ ತೇಗದ ಹಲಗೆ ಇದಾವೆ. ತಮ್ಮ ಪೆಟ್ಟಿಗೆಗೆ ಅಂತ ಅವರೇ ಆರಿಸಿ, ಕೈಯಾರೆ ನಯ ಮಾಡಿ ಇಟ್ಕೊಂಡಿದ್ರು. ಸಾಯಂಕಾಲ ಫಾದರ್ ಬರೋ ಹೊತ್ತಿಗೆ ಮಾಡಿಸಿಕೊಡ್ತೀರಾ?"

ಆ ಮಹಾನುಭಾವರು ದಿನವೂ ತಮ್ಮ ಶವಪೆಟ್ಟಿಗೆಯ ಮೇಲೆಯೇ ಮಲಗಿ ನಿದ್ದೆ ಮಾಡುತ್ತಿದ್ದರು! ನಾನಾಗಿದ್ದರೆ ರೆಪ್ಪೆ ಮುಚ್ಚುತ್ತಿರಲಿಲ್ಲ.

"ನನಗೆ ಬಿಡಿ ತಾಯಿ," ಎಂದೆ.

"ರೀ, ಅವರ ಪದ್ಧತಿ ಏನು ಅಂತ ಒಂದು ಮಾತು ಕೇಳಿ," ಎಂದು ನನ್ನ ಹೆಂಡತಿ ಗೌರಿ ಪಿಸುಗುಟ್ಟಿದಳು.

"ಮಣ್ಣು ಮಾಡೋದ್ರಲ್ಲಿ ನನಗೆ ಪಾಠ ಹೇಳ್ಬೇಡ ಕಣೇ!"

ಸುಡುವವರು ಮಲಗಿಸುತ್ತಾರೆ, ಹೂಳುವವರು ಕೂರಿಸುತ್ತಾರೆ. ಇದು ನನ್ನ ಘನವಾದ ಸಿದ್ಧಾಂತ. ಹಲಗೆಗಳನ್ನು ಹೊರಿಸಿಕೊಂಡು ಹೋಗಿ ಹೊಸಹಳ್ಳಿಯ ಬಡಗಿ ಇಮಾಮ್ ಸಾಬರ ಅಂಗಡಿಯಲ್ಲಿ ಪದ್ಮಾಸನ ಹಾಕಿ ಕೂತೆ.

"ನನ್ನ ಅಳತೆ ತಗೊಳ್ಳಿ ಸಾಬ್ರೇ. ಅವರು ನನಗಿಂತ ಒಂದು ಗೇಣು ಎತ್ತರ."

"ಕೂರ್ಸೋದಾ ಸ್ವಾಮಿ? ನಮ್ಮಲ್ಲಿ ಮಲಗಿಸ್ತೀವಿ."

ಸಿದ್ಧಾಂತಕ್ಕೆ ಸಣ್ಣ ಪೆಟ್ಟು ಬಿತ್ತು. ಆದರೂ ನಾನು ಜಗ್ಗಲಿಲ್ಲ. "ಅದು ನಿಮ್ಮಲ್ಲಿ!"

"ಅವರವರ ಪದ್ಧತಿ ಅವರವರಿಗೆ," ಎಂದು ಸಾಬರು ಗರಗಸ ಎತ್ತಿಕೊಂಡರು.

ಮಧ್ಯಾಹ್ನ ಸಾಬರು ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ತಂದರು. ನೆಟ್ಟಗೆ ನಿಂತ ಬೀರು! ಮುಂದೆ ಬಾಗಿಲು ಬೇರೆ. ಬಾಗಿಲು ತೆರೆದು, ಪೆಟ್ಟಿಗೆಯನ್ನು ಹೆಮ್ಮೆಯಿಂದ ತುಸು ಎತ್ತಿದೆ. ಒಳಗೆ, ತಳ ಇರಬೇಕಾದಲ್ಲಿ, ನನ್ನ ಚಪ್ಪಲಿಯೇ ಕಾಣಿಸಿತು.

"ಸಾಬ್ರೇ! ತಳ ಎಲ್ಲಿ?"

"ತಳ ಯಾಕೆ ಸ್ವಾಮಿ? ಹೂಳೋದು ಅಂದ್ಮೇಲೆ ಮೈ ಮಣ್ಣಿಗೆ ತಾಗಬೇಕಲ್ವಾ? ಉಳಿದ ಹಲಗೆ ವಾಪಸ್ ತಂದಿದೀನಿ."

ಅಷ್ಟರಲ್ಲಿ ಮರಿಯಮ್ಮ ಹೊರಗೆ ಬಂದರು. "ಅಣ್ಣಾ, ಇದರಲ್ಲಿ ಅವರನ್ನ ಹೇಗೆ..." ಎಂದು ತಡವರಿಸಿದರು. ನಾನು, ಬುದ್ಧಿವಂತ, ಅಂಗಳದಲ್ಲೇ ಮತ್ತೊಮ್ಮೆ ಪದ್ಮಾಸನ ಹಾಕಿ ತೋರಿಸಿದೆ!

ಮರಿಯಮ್ಮ ಗರಗಸ ಬಿದ್ದ ಅಂಚನ್ನು ಮೆಲ್ಲಗೆ ಸವರಿದರು. ಗಂಡ ತನಗೆಂದು ಇಟ್ಟುಕೊಂಡಿದ್ದು ಆ ಹಲಗೆಗಳನ್ನಷ್ಟೇ. ಅವನ್ನೇ ನಾನು ತುಂಡು ಮಾಡಿಸಿದ್ದೆ. ಭೂಮಿ ಬಾಯಿ ಬಿಟ್ಟು ನನ್ನನ್ನು ಕೂತ ಹಾಗೇ ನುಂಗಬಾರದೇ ಅನ್ನಿಸಿತು.

"ಜೀವಮಾನವೆಲ್ಲ ಕಾರ್ಖಾನೆ ಮಷೀನ್ ಮುಂದೆ ನಿಂತೇ ದುಡಿದರು ಅಣ್ಣಾ," ಎಂದರು ಮರಿಯಮ್ಮ. "ಈಗಲಾದ್ರೂ ಕಾಲು ಚಾಚಿ ಮಲಗ್ಲಿ."

ನನಗೆ ಅಳು ಬಂತು. ಸಾಬರು ಉಳಿ ಹಿಡಿದರು. ತಳಕ್ಕೆ ಬೇಕಾದ ಉದ್ದದ ಹಲಗೆ ಅದೃಷ್ಟಕ್ಕೆ ಹಾಗೇ ಉಳಿದಿತ್ತು. ಸಾಬರ ಅಜ್ಞಾನ ನನ್ನ ಅಜ್ಞಾನವನ್ನು ಕಾಪಾಡಿತ್ತು! ಬೀರು ಬಿಚ್ಚಿ, ತುಂಡುಗಳಿಗೆ ಪಟ್ಟಿ ಹೊಡೆದು ಜೋಡಿಸಿದರು. ಜೋಡಣೆ ಕಾಣದಂತೆ ಮರಿಯಮ್ಮ ಪೆಟ್ಟಿಗೆಯ ಹೊರಮೈಗೆ ಕಪ್ಪು ಬಟ್ಟೆ ಹೊದಿಸಿದರು. ಫಾದರ್ ಬರುವ ಹೊತ್ತಿಗೆ ಚಿನ್ನಪ್ಪನವರು ಎದೆಯ ಮೇಲೆ ಶಿಲುಬೆ ಹಿಡಿದು ಉದ್ದಕ್ಕೂ ಮಲಗಿದ್ದರು. ಆ ಮುಖದಲ್ಲಿದ್ದ ನೆಮ್ಮದಿ ಕಂಡು ನಾನು ಕೈ ಮುಗಿದು ನಿಂತೇಬಿಟ್ಟೆ.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಸಾಬರೂ ಹಾಕಿದರು, ನಾನೂ ಹಾಕಿದೆ. ಕೂತು ಹೋಗಲಿ, ಮಲಗಿ ಹೋಗಲಿ, ಪೆಟ್ಟಿಗೆಯಲ್ಲೋ ಬರೀ ಬಟ್ಟೆಯಲ್ಲೋ, ಮನುಷ್ಯನನ್ನು ಎಷ್ಟು ಅಕ್ಕರೆಯಿಂದ ಕಳಿಸಿಕೊಡುತ್ತಾರಲ್ಲ ಎಂದು ಬೆರಗಾಯಿತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಟವೆಲ್ ಕೊಡುತ್ತಾ ಗೌರಿ ಹೇಳಿದಳು: "ರೀ, ನಾಳೆ ನನಗೇನಾದ್ರೂ ಆದ್ರೆ ನೀವು ಒಂದು ಮೂಲೇಲಿ ಕೂತು ಅಳ್ತಾ ಇರಿ, ಸಾಕು. ಬೇರೆ ಯಾವ ಕೆಲಸಕ್ಕೂ ಕೈ ಹಾಕ್ಬೇಡಿ."

ಹೂಂ ಎಂದೆ. ಅಷ್ಟನ್ನಾದರೂ ನಾನು ಸರಿಯಾಗಿ ಮಾಡುತ್ತೇನೆಂಬ ನಂಬಿಕೆ ಅವಳಿಗಿದ್ದಂತೆ ಕಾಣಲಿಲ್ಲ!