ತಲೆಗೆ ರಕ್ತ ಹೋಗ್ತಿದೆಯಾ, ಸ್ವಲ್ಪ ನೋಡಿ

ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಮಿದುಳಿನ ರಕ್ತಸಂಚಾರ ನೋಡುವ ಡಾಪ್ಲರ್ ಮೆಷಿನ್ ನಡೆಸುವುದು ನನ್ನ ಕೆಲಸ. ಮೊಬೈಲ್ ಬಂದ ಮೇಲೆ ನಮ್ಮಲ್ಲಿಗೆ ಕಾಯಿಲೆಯವರಿಗಿಂತ ಅನುಮಾನದವರೇ ಹೆಚ್ಚು.

ಕೇಳಿಸದ ಕಿವಿ

ಮಲವಗೊಪ್ಪದ ಒಬ್ಬಾಕೆ ಗಂಡನನ್ನು ನಮ್ಮ ಡಾಕ್ಟರಮ್ಮನ ಮುಂದೆ ಎಳ್ಕೊಂಡೇ ಬಂದರು.

"ಫೋನಿನ ಅಲೆಗೆ ಇವರ ತಲೆಗೆ ರಕ್ತ ಹೋಗ್ತಿಲ್ಲ ಮೇಡಂ. ಫೋನ್ ಹಿಡಿದ್ರೆ ಎಷ್ಟು ಕೂಗಿದ್ರೂ ಕೇಳ್ಸಲ್ಲ."

"ಹೌದು ಮೇಡಂ, ಏನೂ ಕೇಳ್ಸಲ್ಲ" ಅಂದ ಗಂಡ, ಬಹಳ ವಿನಯದಿಂದ.

ಕೈಗೆ ಫೋನ್ ಕೊಟ್ಟೇ ಪರೀಕ್ಷೆ ಮಾಡಿದೆ. ಡಾಕ್ಟರಮ್ಮ ನೋಡಿ, "ರಕ್ತ ಚೆನ್ನಾಗಿ ಹರೀತಿದೆ, ಕಿವಿಯೂ ಸರಿಯಿದೆ" ಅಂದರು.

ಹೆಂಡತಿ ನಿಧಾನಕ್ಕೆ ತಿರುಗಿದರು. "ಹಂಗಾದ್ರೆ ಇಷ್ಟು ದಿನ ಕೇಳಿಸ್ತಿತ್ತು!"

ಗಂಡ ಮಂಚದಿಂದ ಏಳಲೇ ಇಲ್ಲ. "ಇನ್ನೊಂದ್ಸಲ ನೋಡಿ ಮೇಡಂ, ಎಲ್ಲಾದ್ರೂ ಒಂಚೂರು ಬ್ಲಾಕ್ ಸಿಗಬಹುದು."

ಕ್ಯಾಸೆಟ್ಟು

ಭದ್ರಾವತಿಯ ನಿವೃತ್ತ ಕಾರ್ಖಾನೆ ನೌಕರರೊಬ್ಬರು ಮೆಷಿನ್ನನ್ನೇ ನಂಬಲಿಲ್ಲ. ಅದರ ಕಡ್ಡಿಯನ್ನು ಅವರ ಕತ್ತಿಗೆ ಹಿಡಿದ ಕೂಡಲೇ ಮೆಷಿನ್ ಬುಸ್ ಬುಸ್ ಅಂತು.

"ಏನ್ರೀ ಅದು?"

"ನಿಮ್ಮ ರಕ್ತ ಹರಿಯೋ ಸದ್ದು."

"ನಿಮ್ಮ ಕತ್ತಿಗೆ ಹಿಡೀರಿ ನೋಡೋಣ."

ಹಿಡಿದೆ. ಬುಸ್ ಬುಸ್.

"ಇಬ್ಬರದ್ದೂ ಒಂದೇ ಸದ್ದು! ಒಳಗೆ ಕ್ಯಾಸೆಟ್ ಹಾಕಿದ್ದೀರಿ."

ಬೇಕೆಂದೇ ಮೇಜಿಗೆ ಹಿಡಿದೆ. ಸದ್ದೇ ಇಲ್ಲ. ಈಗ ಸಿಕ್ಕಿಬಿದ್ದರು ಅಂದುಕೊಂಡೆ.

ಅವರು ಮುಗುಳ್ನಕ್ಕರು. "ಮೇಜಿಂದು ರೆಕಾರ್ಡ್ ಮಾಡಿಲ್ಲ, ಅಷ್ಟೇ."

ನಮ್ಮ ಓನರ್ ಅಮ್ಮ

ಕೋಟೆ ಹತ್ತಿರ ಮಹಡಿ ಮೇಲೆ ನಾನು, ನನ್ನ ಹೆಂಡತಿ ಬಾಡಿಗೆಗಿದ್ದೀವಿ. ಕೆಳಗೆ ಓನರ್ ಅಮ್ಮ. ನಾವು ವೈಫೈ ಹಾಕಿಸಿದ್ದೇ ತಡ, ಅವರಿಗೆ ತಲೆಸುತ್ತು ಶುರುವಾಯ್ತು.

"ಆ ಡಬ್ಬ ತೆಗಿ ಮಾರಾಯ, ಇಲ್ಲಾ ಮನೆ ಖಾಲಿ ಮಾಡು."

ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಎಲ್ಲಾ ಸರಿಯಿತ್ತು. "ನಿನ್ನ ಮೆಷಿನ್ ನಿನ್ನ ಪರವಾಗೇ ಹೇಳುತ್ತೆ" ಅಂದರು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವರಿಗೆ ಹೇಳದೇ ವೈಫೈ ಆಫ್ ಮಾಡಿಡಿ. ಆಗಲೂ ತಲೆ ತಿರುಗಿದ್ರೆ ಕಾರಣ ಬೇರೆ ಏನೋ ಇದೆ, ಹುಡುಕೋಣ" ಅಂದರು.

ಮಾರನೇ ದಿನ ಬೆಳಿಗ್ಗೆ ಆಫ್ ಮಾಡಿ ಹೋದೆ. ಸಂಜೆ ಬರುವಷ್ಟರಲ್ಲಿ ಅಮ್ಮ ಗೇಟಿನಲ್ಲೇ ನಿಂತಿದ್ದರು.

"ಏನ್ ಮಾಡಿದೆ ಮಾರಾಯ ಆ ಡಬ್ಬಕ್ಕೆ?"

ನನಗೆ ಗಾಬರಿ. "ಯಾಕಮ್ಮ, ತಲೆ ಜಾಸ್ತಿ ತಿರುಗ್ತಿದೆಯಾ?"

"ತಲೆ ಎಲ್ಲಿ? ಬೆಳಿಗ್ಗೆಯಿಂದ ಟೀವಿ ಮೇಲೆ ಆ ಚಕ್ರ ತಿರುಗ್ತಿದೆ!"

"ನಿಮ್ಮ ಟೀವಿಗೂ ನನ್ನ ವೈಫೈಗೂ ಏನಮ್ಮ ಸಂಬಂಧ?"

"ಪಾಸ್‌ವರ್ಡ್ ನಿನ್ನ ಹೆಂಡ್ತಿ ಯಾವತ್ತೋ ಕೊಟ್ಟಿದ್ದಾಳೆ. ಹೋಗಿ ಆನ್ ಮಾಡು. ಧಾರಾವಾಹೀಲಿ ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗ್ಲಿ, ಆಮೇಲೆ ಮನೆ ಖಾಲಿ ಮಾಡುವಿಯಂತೆ."

ಕೊಲೆಗಾರ ಇನ್ನೂ ಸಿಕ್ಕಿಲ್ಲ. ನಾವು ಅದೇ ಮನೆಯಲ್ಲಿದ್ದೀವಿ.