ಮೇ ತಿಂಗಳ ಹೆಬ್ಬಾತು

ಇದನ್ನು ಬರೆಯಬೇಕೆಂದು ಮೂರು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಕುಳಿತಾಗಲೆಲ್ಲ ಪೆನ್ನು ಸಿಗುವುದಿಲ್ಲ. ಪೆನ್ನು ಸಿಕ್ಕರೆ ಬೆನ್ನು ನೋಯುತ್ತದೆ. ತಪ್ಪು ಮಾಡುವಾಗ ಮಾತ್ರ ನನಗೆ ಇಂಥ ಯಾವ ಅಡಚಣೆಯೂ ಬರಲಿಲ್ಲ.

ಮಗಳನ್ನು ವಿಶಾಖಪಟ್ಟಣದ ತೆಲುಗು ಮನೆಗೆ ಕೊಟ್ಟ ಮೇಲೆ ನಾನೂ ಹೆಂಡತಿಯೂ ಅದೇ ಊರಿನ ಮಧುರವಾಡದಲ್ಲಿ ಮನೆ ಹಿಡಿದೆವು. ಅಳಿಯನ ತಂದೆಗೆ, ಅಂದರೆ ನಮ್ಮ ಬೀಗರಿಗೆ, ಹಕ್ಕಿ ನೋಡುವ ಹುಚ್ಚು. ನಾನು ಎಸ್ಸೆಸ್ಸೆಲ್ಸಿ ಓದಿದವನು. ನನ್ನ ಪಾಲಿಗೆ ಹಕ್ಕಿಗಳಲ್ಲಿ ಕಾಗೆ ಮತ್ತು ಕಾಗೆಯಲ್ಲದ್ದು ಎಂದು ಎರಡೇ ಜಾತಿ. ಆದರೆ ಬೀಗರು ಕರೆದರೆ ಹೆಣ್ಣು ಕೊಟ್ಟವರು ಒಲ್ಲೆ ಎನ್ನಲಾದೀತೇ? ಬೇಸಿಗೆಯ ಭಾನುವಾರಗಳಲ್ಲಿ ಬೆಳಗಿನ ನಾಲ್ಕಕ್ಕೆ ಅವರು ಬಾಗಿಲು ತಟ್ಟಿದರೆ ಹೆಂಡತಿ, “ಏಳಿ, ನಿಮ್ಮ ಕೋಳಿ ಕೂಗ್ತು” ಎಂದು ಮಗ್ಗುಲು ಬದಲಿಸುತ್ತಿದ್ದಳು. ಮೊದಲ ಬಸ್ಸು ಹಿಡಿದು ಗುಡ್ಡಗಳ ನಡುವಿನ ಜಲಾಶಯಕ್ಕೆ ಹೋಗಿ, ಒದ್ದೆ ಕಲ್ಲಿನ ಮೇಲೆ ಇಬ್ಬರು ಮುದುಕರು ಮಾತಿಲ್ಲದೆ ಕುಳಿತಿರುತ್ತಿದ್ದೆವು.

ಒಂದು ವರ್ಷ ಅವರ ಕಣ್ಣಿಗೆ ಪೊರೆ ಬಂತು. ದುರ್ಬೀನನ್ನು ನನಗೆ ಕೊಟ್ಟು, ನಾನು ಹೇಳಿದ್ದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮೂವತ್ತು ವರ್ಷಗಳ ಆ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಹಕ್ಕಿ ಇರಲಿಲ್ಲ. ಅವರಿಗಿದ್ದ ಹೆಮ್ಮೆ ಅದೊಂದೇ. ಒಳ್ಳೆಯದೊಂದು ಹಕ್ಕಿ ಬರೆದುಕೊಳ್ಳದೆ ಅವರು ಏಳುವವರಲ್ಲ. ನನಗೋ ಕಟ್ಟೆಯ ಕೆಳಗಿನ ಇಡ್ಲಿ ಅಂಗಡಿಯ ಚಿಂತೆ.

“ಏಂ ಕನಪಡ್ತೋಂದಿ, ಬಾವಗಾರೂ?” ಏನು ಕಾಣುತ್ತಿದೆ ಎಂದು ಮೇ ತಿಂಗಳ ಒಂದು ಭಾನುವಾರ ಐದನೆಯ ಸಲ ಕೇಳಿದರು.

ಚಳಿಗಾಲದಲ್ಲಿ ಅವರು ಬಣ್ಣಿಸಿದ್ದು ನೆನಪಿತ್ತು. “ಹೆಬ್ಬಾತು. ತಲೆಯ ಮೇಲೆ ಕಪ್ಪು ಪಟ್ಟೆ” ಎಂದೆ.

“ಮೇ ತಿಂಗಳಲ್ಲಾ? ಅದು ಚಳಿಗಾಲಕ್ಕಷ್ಟೇ ಬರುವ ಹಕ್ಕಿ. ಸರಿಯಾಗಿ ನೋಡಿ. ಎಷ್ಟು ಪಟ್ಟೆ?”

“ಎರಡು. ಎಣಿಸಿದೆ.”

ಅವರು ಪೆನ್ನಿನ ಮುಚ್ಚಳ ತೆಗೆದರು. ಬೀಗರ ಮಾತನ್ನು ಶಂಕಿಸುವುದು ಹೇಗೆ? ಬರೆದುಕೊಂಡರು. ನಾನು ಆರು ಇಡ್ಲಿ ತಿಂದೆ.

ಮುಂದಿನ ತಿಂಗಳು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಪಕ್ಷಿಪ್ರಿಯರ ಕೂಟ ಸೇರಿತು. ನನ್ನನ್ನೂ ಕರೆದೊಯ್ದರು. ಹೊಸ ಅಂಗಿ ತೊಟ್ಟು ಎದ್ದುನಿಂತು ಅವರು ಹೆಬ್ಬಾತಿನ ಸಂಗತಿ ಓದಿದಾಗ, ಹಿಂದಿನಿಂದ ಒಬ್ಬ, “ತಾತಗಾರೂ, ಪಾಪ, ಅದಕ್ಕೆ ಹಿಮಾಲಯದ ಬಸ್ಸು ತಪ್ಪಿರಬೇಕು!” ಎಂದ. ಸಭೆ ಗೊಳ್ಳೆಂದಿತು. ಬೀಗರು ನನ್ನ ಕಡೆ ಒಮ್ಮೆ ತಿರುಗಿದರು. ನನ್ನ ಬಾಯಲ್ಲಿ ಸಮೋಸಾ ಇತ್ತು. ನುಂಗಿ ಮಾತಾಡಬಹುದಿತ್ತು. ನಾನು ಎಲ್ಲರೊಂದಿಗೆ ನಕ್ಕೆ.

“ತಪ್ಪು ನನ್ನದೇ” ಎಂದರು ಅವರು. “ಕಣ್ಣಿಗೆ ಪೊರೆ ಬಂದಿದೆ.” ನನ್ನ ಹೆಸರೆತ್ತಲಿಲ್ಲ. ರೈಲಿನಲ್ಲಿ ವಿಶಾಖಪಟ್ಟಣದವರೆಗೂ ಅವರು ಕೇಳಿದ್ದು ಒಂದೇ: “ಬಾವಗಾರೂ, ಟೀ ತಾಗ್ತಾರಾ?” ಕುಡಿದೆ. ಅವರ ದುಡ್ಡಿನಲ್ಲೇ.

ಆಮೇಲೆ ಅವರು ಬಾಗಿಲು ತಟ್ಟಲಿಲ್ಲ. “ನಿಮ್ಮ ಕೋಳಿ ಯಾಕ್ರೀ ಕೂಗೋದೇ ಬಿಟ್ಟಿತು?” ಎಂದಳು ಹೆಂಡತಿ. ಬಿಸಿಲು ಜಾಸ್ತಿ ಎಂದೆ. ಮಳೆಗಾಲ ಬಂದಾಗ ಮಳೆ ಜಾಸ್ತಿ ಎಂದೆ. ಮುಂದಿನ ಬೇಸಿಗೆಗೆ ಅವರೇ ಇರಲಿಲ್ಲ. ಹದಿಮೂರನೆಯ ದಿನ ಅಳಿಯ ಆ ದುರ್ಬೀನನ್ನು ತಂದು, “ನೀವೇ ಇಟ್ಕೋಬೇಕಂತೆ, ಮಾವಯ್ಯಗಾರೂ. ನಿಮ್ಮ ಕಣ್ಣು ಚೆನ್ನಾಗಿದೆ ಅಂತಿದ್ರು” ಎಂದ.

ಬೀಗರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಕ್ಷಮೆ ಕೇಳುವ ಪದ್ಧತಿಯೂ ಇಲ್ಲವೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅಪ್ಪಲನರಸಯ್ಯಗಾರೂ, ಅಂದು ನೀರಿನ ಮೇಲೆ ಏನಿತ್ತೋ ನನಗೆ ಗೊತ್ತಿಲ್ಲ. ದುರ್ಬೀನಿನ ಹಿಂದೆ ನಾನು ಕಣ್ಣು ಮುಚ್ಚಿಕೊಂಡಿದ್ದೆ.