ಬೆಂಗಳೂರಿನ ಹಿಮಕ್ಕೊಂದು ಜೀಪು

ಬೆಂಗಳೂರಿನಲ್ಲಿ ಹಿಮ ಬಿದ್ದರೆ ಏನು ಮಾಡಬೇಕೆಂದು ತಯಾರಾಗಿ ಕುಳಿತಿದ್ದ ಏಕೈಕ ಮನುಷ್ಯ ನನ್ನ ಸೋದರಮಾವ. ನಗಬೇಡಿ! ಬಿದ್ದೇ ಬೀಳುತ್ತದೆ ಎಂದು ಅವನೇನೂ ಹೇಳುತ್ತಿರಲಿಲ್ಲ. ಬೀಳುವುದಿಲ್ಲ ಎಂದು ನಿಮಗೆ ಯಾರು ಬರೆದುಕೊಟ್ಟಿದ್ದಾರೆ ಎಂದು ಕೇಳುತ್ತಿದ್ದ, ಅಷ್ಟೆ.

ಮಾವ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದವನು. ಕಾಶ್ಮೀರದ ಕಡೆ ಕೆಲವು ಚಳಿಗಾಲ ಕಳೆದು, ಪೆನ್ಷನ್ ಪಡೆದು, ಒಂದು ಟ್ರಂಕು ಮತ್ತು ಒಂದು ಉಣ್ಣೆಯ ಮಫ್ಲರಿನೊಂದಿಗೆ ಜಯನಗರದ ನಮ್ಮ ಮನೆಗೆ ಬಂದ. ಮದುವೆಯಾಗಿರಲಿಲ್ಲ. ಆ ಕೊರತೆಯನ್ನು ತುಂಬಲೋ ಎಂಬಂತೆ ಹರಾಜಿನಲ್ಲಿ ಮಿಲಿಟರಿಯ ಹಳೇ ಜೀಪೊಂದನ್ನು ಹಿಡಿದುಕೊಂಡು ಬಂದ. ಅದು ಐವತ್ತರ ದಶಕ. ಜಯನಗರವೆಂದರೆ ಸೈಟುಗಳಿಗೆ ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಸಾರಕ್ಕಿ ಕಡೆಗೆ ತಿರುಗಿದರೆ ಬರೀ ರಾಗಿ ಹೊಲ. ಮಳೆ ಬಂತೆಂದರೆ ರಸ್ತೆಯೂ ಗುಂಡಿಯೂ ಒಂದೇ ಕೆಂಪು ನೀರಿನ ಕೆಳಗೆ ಮುಳುಗಿಬಿಡುತ್ತಿದ್ದವು.

ಜೀಪಿನ ಗೇರಿನ ಪಕ್ಕದಲ್ಲಿ ಒಂದು ಮೋಟು ಲಿವರ್ ಇತ್ತು. ಅದನ್ನು ಮುಟ್ಟದಿದ್ದರೆ ಹಿಂದಿನ ಎರಡು ಚಕ್ರಗಳು ಮಾತ್ರ ದುಡಿಯುತ್ತವೆ. ಎಳೆದರೆ ನಾಲ್ಕೂ ದುಡಿಯುತ್ತವೆ. ಎಳೆಯಬೇಕೋ ಬೇಡವೋ, ಇದೇ ನಮ್ಮ ಮಾವನ ವೇದಾಂತ! ಒಣ ರಸ್ತೆಯಲ್ಲಿ ಎಳೆದರೆ ಗೇರು ಹಾಳು, ಪೆಟ್ರೋಲು ದಂಡ. ಹಿಮದಲ್ಲಿ ಎಳೆಯದಿದ್ದರೆ ಕಂದಕಕ್ಕೆ. ಅದೂ, ಹೂತುಕೊಂಡ ಮೇಲೆ ಎಳೆದರೆ ಬರುವುದಿಲ್ಲವಂತೆ, ಹೂತುಕೊಳ್ಳುವ ಮುಂಚೆಯೇ ನಿರ್ಧಾರ ಮಾಡಬೇಕಂತೆ. ಈ ಉಪದೇಶವನ್ನು ಅವನು ನಮ್ಮ ಮನೆಗೆ ಹಾಲು ಹಾಕುವವಳಿಗೂ ಮಾಡಿದ್ದ.

ಪಕ್ಕದ ಮನೆಯ ಮೇಷ್ಟರು ಪಾಪ, ಸೈಕಲ್ ಕೊಳ್ಳಬೇಕೆಂದು ಒಂದು ಮಾತು ಕೇಳಲು ಬಂದರು. ಮಾವ ಗಂಭೀರವಾಗಿ ಯೋಚಿಸಿ, ಸೈಕಲ್ಲಿನಲ್ಲಿ ದುಡಿಯುವುದು ಹಿಂದಿನ ಚಕ್ರ ಒಂದೇ, ಹಿಮದಲ್ಲಿ ಕೈಕೊಡುತ್ತದೆ ಎಂದ. ಮೇಷ್ಟರು ಹೋಗಬೇಕಾದದ್ದು ಬಸವನಗುಡಿಯ ಸ್ಕೂಲಿಗೆ! ಆದರೂ ಮಾತಿನ ತೂಕ ನೋಡಿ, ಅವರು ಮತ್ತೂ ಒಂದು ವರ್ಷ ನಡೆದುಕೊಂಡೇ ಹೋದರು.

ಆಯುಧಪೂಜೆಯ ದಿನವಂತೂ ಕೇಳಬೇಡಿ. ಎಲ್ಲರೂ ಗಾಡಿಯ ಪ್ರತಿ ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು ಹತ್ತಿಸುತ್ತಾರೆ, ಅಲ್ಲವೇ? ನಮ್ಮ ಮಾವ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಇಡುತ್ತಿದ್ದ. ಪುರೋಹಿತರು ಮುಂದಿನವಕ್ಕೂ ಇಡಿ ಎಂದರೆ, "ಅವು ಈ ವರ್ಷ ಏನು ಕೆಲಸ ಮಾಡಿವೆ ಸ್ವಾಮಿ? ಕೂತು ತಿಂದಿವೆ" ಎನ್ನುತ್ತಿದ್ದ. ಪೂಜೆ ಎನ್ನುವುದು ದುಡಿದ ಆಯುಧಕ್ಕೇ ಹೊರತು ಸುಮ್ಮನೆ ಜೊತೆಗೆ ಬಂದದ್ದಕ್ಕಲ್ಲ ಎಂಬುದು ಅವನ ವಾದ. ಪುರೋಹಿತರಿಗೆ ಇದಕ್ಕೆ ಮಂತ್ರ ಗೊತ್ತಿರಲಿಲ್ಲ. ದಕ್ಷಿಣೆ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು.

ಇಂಥವನ ಜೀಪಿನಲ್ಲಿ ಕೂತು ಎಲ್ಲಿಗಾದರೂ ಹೊತ್ತಿಗೆ ಸರಿಯಾಗಿ ತಲುಪುವುದುಂಟೇ? ರಸ್ತೆಯಲ್ಲಿ ನೀರು ಕಂಡರೆ ಸಾಕು, ಜೀಪು ನಿಲ್ಲಿಸಿ, ಇಳಿದು, ಪಂಚೆ ಎತ್ತಿ ಕಟ್ಟಿ, ಕಾಲಲ್ಲಿ ಕೆಸರನ್ನು ಒತ್ತಿ ನೋಡಿ, ಆಕಾಶ ನೋಡಿ, ವಾಪಸು ಬಂದು ಲಿವರನ್ನು ಸವರಿ, ಬೇಡ ಎಂದು ಕೈ ತೆಗೆಯುತ್ತಿದ್ದ. ಒಮ್ಮೆ ಸಾರಕ್ಕಿಯಲ್ಲಿ ನಾಮಕರಣಕ್ಕೆ ಹೊರಟೆವು. ದಾರಿಯ ಪ್ರತಿ ಗುಂಡಿಯ ನಾಡಿ ನೋಡಿಕೊಂಡು ತಲುಪುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು, ಊಟ ಮುಗಿದು, ಎಲೆ ಎತ್ತಿದ್ದರು. ಅಮ್ಮ ಮನೆಗೆ ಬಂದು ಉಪ್ಪಿಟ್ಟು ಕೆದಕುತ್ತಾ, ತನ್ನ ಅಣ್ಣನನ್ನೂ ಕಾಶ್ಮೀರವನ್ನೂ ಒಟ್ಟಿಗೆ ಬೈದಳು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದದ್ದು ಭಾದ್ರಪದದ ಮಳೆಯಲ್ಲಿ. ನಾನು ಬಂದ ಮಾರನೆಯ ದಿನದಿಂದ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಬೆಳಗ್ಗೆ ಕಾಫಿ ಕುಡಿದು ಕಂಕುಳಲ್ಲಿ ಒಂದಷ್ಟು ಕೋಲು ಇರುಕಿಕೊಂಡು ಮಳೆಯಲ್ಲೇ ಹೊರಟುಬಿಡುವುದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದು ಆಗತಾನೆ ಸಾರಿಸಿದ ಜಗಲಿಯ ಮೇಲೆ ನಿಲ್ಲುವುದು. ಎಲ್ಲಿಗೆ ಹೋಗಿದ್ದೆ ಎಂದರೆ, ವಾಕಿಂಗು ಎನ್ನುವುದು. ಅಮ್ಮನಿಗೆ ತಲೆ ಕೆಟ್ಟುಹೋಯಿತು. ಸಾಲದ್ದಕ್ಕೆ, ಹುಟ್ಟುವ ಮಗುವಿಗೆ ಸುತ್ತಲೆಂದು ಅವಳು ಒಗೆದು ಮೆತ್ತಗೆ ಮಾಡಿಟ್ಟಿದ್ದ ಹಳೇ ಕೆಂಪು ಸೀರೆಯ ತುಂಡುಗಳು ಹಗ್ಗದ ಮೇಲಿಂದ ಒಂದೊಂದಾಗಿ ಮಾಯವಾಗತೊಡಗಿದವು. ಹೊಲದ ಕಡೆಯಿಂದ ಬರುವ ಎಮ್ಮೆಯೇ ತಿನ್ನುತ್ತಿದೆ ಎಂದು ಅಮ್ಮ ತೀರ್ಮಾನಿಸಿ, ಆ ಬಡ ಎಮ್ಮೆಗೆ ಕೊಡಬಾರದ ಶಾಪವನ್ನೆಲ್ಲ ಕೊಟ್ಟಳು.

ಒಂದು ಮಧ್ಯಾಹ್ನ ಆಕಾಶವೇ ಕಳಚಿ ಬಿದ್ದಂಥ ಮಳೆ. ಆಗಲೇ ನನಗೆ ನೋವು ಶುರುವಾಯಿತು. ಬರಬಾರದ ರೀತಿಯಲ್ಲಿ ಬಂತು, ರಕ್ತ ಹೋಗತೊಡಗಿತು. ಸೂಲಗಿತ್ತಿ ನೋಡಿ, ಇದು ನನ್ನ ಕೈಲಾಗದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ಜಟಕಾದವನು ರಸ್ತೆಯ ನೀರು ನೋಡಿ, ಕುದುರೆ ಕಾಲು ಮುರ್ಕೊಳ್ಳತ್ತೆ ತಾಯಿ ಎಂದು ಕೈಮುಗಿದ. ಉಳಿದದ್ದು ಮಾವನ ಜೀಪು. ಅಮ್ಮ ಬಾಗಿಲಲ್ಲೇ ಅಳುತ್ತಾ ನಿಂತಳು.

"ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಇಳಿದು ಇಳಿದು ನೋಡ್ಬೇಡ. ಮಗು ಉಳಿಯಲ್ಲ."

"ನೋಡಿ ಆಗಿದೆ, ಹತ್ತು" ಎಂದ ಮಾವ. ಗೇಟಿನಲ್ಲೇ, ಚಕ್ರ ಇನ್ನೂ ಕೆಸರಿಗೆ ಇಳಿಯುವ ಮುಂಚೆಯೇ, ಲಿವರ್ ಎಳೆದ.

ಆ ಪ್ರಯಾಣ ನನಗೆ ಅರ್ಧಂಬರ್ಧ ನೆನಪು. ಎಲ್ಲೆಲ್ಲೂ ಕೆಂಪು ನೀರು. ಜೀಪು ಎಡಕ್ಕೆ ಹೊರಳುತ್ತಿತ್ತು, ಬಲಕ್ಕೆ ಹೊರಳುತ್ತಿತ್ತು, ಯಾರದೋ ಖಾಲಿ ಸೈಟಿನೊಳಗೆ ನುಗ್ಗಿ ಮತ್ತೆ ರಸ್ತೆಗೆ ಬರುತ್ತಿತ್ತು. ಲಾಲ್‌ಬಾಗಿನ ಗೋಡೆ ಕಾಣುವವರೆಗೂ ಅದು ಒಮ್ಮೆಯೂ ಹೂತುಕೊಳ್ಳಲಿಲ್ಲ, ಮಾವ ಒಮ್ಮೆಯೂ ಇಳಿಯಲಿಲ್ಲ. ಹೆಣ್ಣುಮಗು ಹುಟ್ಟಿತು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದು ಲೇಡಿ ಡಾಕ್ಟರು ಅಮ್ಮನಿಗೆ ಹೇಳಿದರಂತೆ.

ವಾಪಸು ಮನೆಗೆ ಹೊರಟ ದಿನ ಎಳೆಬಿಸಿಲಿತ್ತು. ನೀರು ಇಳಿದಿತ್ತು. ಲಾಲ್‌ಬಾಗ್ ದಾಟಿ ನಮ್ಮ ಮಣ್ಣುರಸ್ತೆಗೆ ತಿರುಗುತ್ತಲೇ ಹಿಂದೆ ಮಗುವನ್ನು ಹಿಡಿದು ಕುಳಿತಿದ್ದ ಅಮ್ಮ, ನಿಲ್ಸು ಎಂದಳು. ರಸ್ತೆಯ ಎರಡೂ ಬದಿಗೆ, ಪ್ರತಿ ಗುಂಡಿಯ ಅಂಚಿಗೆ, ಖಾಲಿ ಸೈಟಿನೊಳಗೆ ಬಳಸಿಕೊಂಡು ಹೋಗುವ ಕಡೆಯಲ್ಲೆಲ್ಲ ಕೋಲು ನೆಟ್ಟಿತ್ತು. ಒಂದೊಂದು ಕೋಲಿನ ತುದಿಗೂ ಅಮ್ಮನ ಕೆಂಪು ಸೀರೆಯ ತುಂಡು. ನಮ್ಮ ಮನೆಯ ಗೇಟಿನವರೆಗೂ ಹಾಗೇ ಇತ್ತು.

"ಹಿಮ ಬಿದ್ರೆ ರಸ್ತೆ ಕಾಣಲ್ಲ. ಅಲ್ಲಿ ಹೀಗೇ ನೆಡ್ತಿದ್ವಿ" ಎಂದ ಮಾವ, ಸೀರೆ ಕದ್ದವನ ದನಿಯಲ್ಲಿ.

"ಇಲ್ಲಿ ಹಿಮ ಬೀಳಲ್ವಲ್ಲ ಮಾವ?" ಎಂದೆ.

"ಬೀಳಲ್ಲ ಕಣಮ್ಮ, ನಂಗೊತ್ತಿಲ್ವಾ? ಆದ್ರೆ ನೀನು ಬಂದಿದ್ದೆ."

ಈಗ ಆ ರಸ್ತೆಗೆ ಟಾರು ಬಂದಿದೆ, ಅಂಗಡಿಗಳು ಬಂದಿವೆ, ಮಾವ ಇಲ್ಲ. ನಾನೂ ನನ್ನ ಮಗಳೂ ಇದ್ದೇವೆ. ಯಾರಾದರೂ ಅವನನ್ನು ನೆನೆದು ನಕ್ಕರೆ ನಾನೂ ನಗುತ್ತೇನೆ, ಆದರೆ ಮನಸ್ಸಿನಲ್ಲೇ ಕೈಮುಗಿದುಕೊಂಡು.

ಆ ವರ್ಷದ ಆಯುಧಪೂಜೆಯನ್ನು ನಾನು ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯಿಂದ ನೋಡಿದೆ. ಮಾವ ಅಭ್ಯಾಸಬಲದಿಂದ ಎರಡೇ ನಿಂಬೆಹಣ್ಣು ಹಿಡಿದುಕೊಂಡು ಹಿಂದಿನ ಚಕ್ರಗಳ ಬಳಿ ಬಗ್ಗಿದ್ದ. ಅಮ್ಮ ಅಡುಗೆಮನೆಯಿಂದ ಇನ್ನೆರಡು ತಂದಳು. ಮುಂದಿನ ಚಕ್ರಗಳ ಕೆಳಗೆ ತಾನೇ ಇಟ್ಟಳು. ಆಮೇಲೆ ಒದ್ದೆ ನೆಲವೆಂದೂ ನೋಡದೆ ಮೊಣಕಾಲೂರಿ ನಮಸ್ಕಾರ ಮಾಡಿದಳು. ಜೀಪಿಗೆ ಮಾಡಿದಳು ಎಂದುಕೊಂಡು ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಅವನು ಸರಿದ ಕಡೆಗೇ ತಿರುಗಿ, ಮತ್ತೊಮ್ಮೆ ಬಗ್ಗಿದಳು.